ಮೂರು ತೂತು, ಒಂದು ಬಾರು

1993ರ ಆಗಸ್ಟ್ ತಿಂಗಳು. ಅಮೆರಿಕದ ಕೊಲೊರಾಡೊ ರಾಜ್ಯದ ಲೆಡ್‌ವಿಲ್ ಎಂಬ ಹಳೆಯ ಗಣಿ ಊರಿನಲ್ಲಿ ನೂರು ಮೈಲಿ ಓಟದ ಸ್ಪರ್ಧೆ. ಊರು ಇರುವುದೇ ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿ. ಓಟದ ದಾರಿ ಅಲ್ಲಿಂದ ಇನ್ನೂ ಮೇಲೇರಿ, 3,800 ಮೀಟರ್ ಎತ್ತರದ ಕಣಿವೆಯೊಂದನ್ನು ಎರಡು ಬಾರಿ ದಾಟಿ ಬರಬೇಕು. ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಡುವ ಓಟಗಾರರು ದಮ್ಮು ಸಾಲದೆ, ಮೊಣಕಾಲು ಸೋತು ಅರ್ಧದಲ್ಲೇ ಕೈಚೆಲ್ಲುವುದು ಅಲ್ಲಿ ಮಾಮೂಲು. ಆ ವರ್ಷ ಮೆಕ್ಸಿಕೋದಿಂದ ಕೆಲವರು ರಾರಾಮುರಿ ರೈತರು ಬಂದಿದ್ದರು. ಅವರ ಬಳಿ ಓಟದ ಬೂಟುಗಳಿರಲಿಲ್ಲ. ಅವರು ಊರಿನ ಗುಜರಿಗೆ ಹೋಗಿ ಹಳೆಯ ಟೈರು ಆರಿಸಿ ತಂದರು. ಚೂರಿಯಿಂದ ಕತ್ತರಿಸಿ ತಮ್ಮ ತಮ್ಮ ಚಪ್ಪಲಿಗಳನ್ನು ತಾವೇ ಮಾಡಿಕೊಂಡರು. ಅವನ್ನು ಕಟ್ಟಿಕೊಂಡು ಓಡಿದರು.

ಇಪ್ಪತ್ತು ಗಂಟೆಗಳ ಮೇಲೆ ಕೆಲವೇ ನಿಮಿಷಗಳಲ್ಲಿ ಮೊದಲಿಗನಾಗಿ ಗುರಿ ಮುಟ್ಟಿದವನ ಹೆಸರು ವಿಕ್ಟೋರಿಯಾನೊ ಚೂರೊ. ವಯಸ್ಸು 55. ಎರಡನೆಯ ಸ್ಥಾನವೂ ಅವರದೇ, ಐದನೆಯದೂ ಅವರದೇ. ಮರುವರ್ಷ ಇದೇ ಜನಾಂಗದ ಹ್ವಾನ್ ಎರೇರಾ ಎಂಬ ತರುಣ ಆ ದಾರಿಯನ್ನು 17 ಗಂಟೆ 30 ನಿಮಿಷದಲ್ಲಿ ಮುಗಿಸಿ, ಆ ಕಾಲದ ಹೆಸರಾಂತ ಓಟಗಾರ್ತಿ ಆನ್ ಟ್ರೇಸನ್ ಅವರನ್ನು ಹಿಂದಿಕ್ಕಿದ.

ಟೈರಿನ ತುಂಡೊಂದು ಜಗತ್ತಿನ ಕುತೂಹಲ ಕೆರಳಿಸಿದ್ದು ಹೀಗೆ. ಆಮೇಲಿನ ಮೂರು ದಶಕಗಳಲ್ಲಿ ಈ ಚಪ್ಪಲಿ ಪ್ರಯೋಗಾಲಯಕ್ಕೆ ಹೋಯಿತು, ಪುಸ್ತಕವಾಯಿತು, ಅಂಗಡಿಯ ಸರಕಾಯಿತು, ನ್ಯಾಯಾಲಯದ ಬಾಗಿಲಿಗೂ ಒಂದು ಬಗೆಯಲ್ಲಿ ಬಂತು. ಅನೇಕ ಜನ ಮನೆಯಲ್ಲೇ ರಬ್ಬರ್ ಕತ್ತರಿಸಿ, ಬಾರು ಪೋಣಿಸಿ ಓಡಲು ಹೊರಟರು. ಹಲವರು ಸುಖ ಕಂಡರು, ಹಲವರು ಕಾಲು ಮುರಿದುಕೊಂಡರು. ಈ ಚಪ್ಪಲಿಯಲ್ಲಿ ಇರುವುದೇನು, ಇಲ್ಲದ್ದೇನು?

ಕಣಿವೆಯ ಜನ

ಉತ್ತರ ಮೆಕ್ಸಿಕೋದ ಚಿವಾವಾ ರಾಜ್ಯದ ನೈಋತ್ಯಕ್ಕೆ ಪಶ್ಚಿಮ ಸಿಯೆರಾ ಮಾದ್ರೆ ಪರ್ವತಶ್ರೇಣಿಯಿದೆ. ಅದನ್ನು ನದಿಗಳು ಕೊರೆದು ಮಾಡಿದ ಕಂದರಗಳ ಸಮೂಹಕ್ಕೆ ‘ತಾಮ್ರ ಕಣಿವೆ’ ಎಂದು ಹೆಸರು. ಕೆಲವೆಡೆ ಅಮೆರಿಕದ ಪ್ರಸಿದ್ಧ ಗ್ರ್ಯಾಂಡ್ ಕ್ಯಾನ್ಯನ್‌ಗಿಂತಲೂ ಆಳ. ಮೇಲೆ ಪೈನ್ ಮರಗಳ ತಂಪು ಕಾಡು. ಕೆಳಗೆ ಕಿತ್ತಳೆ, ಮಾವು ಬೆಳೆಯುವಷ್ಟು ಸೆಕೆ. ಸ್ಪೇನಿನವರು ಬಂದು ಬೆಳ್ಳಿಯ ಗಣಿ ತೋಡತೊಡಗಿದಾಗ, ಗಣಿಯ ದುಡಿಮೆಯಿಂದಲೂ ಮಿಷನರಿಗಳ ಒತ್ತಾಯದಿಂದಲೂ ತಪ್ಪಿಸಿಕೊಂಡು ಅನೇಕ ರಾರಾಮುರಿ ಕುಟುಂಬಗಳು ಈ ದುರ್ಗಮ ಪ್ರದೇಶದ ಒಳಒಳಕ್ಕೆ ಸರಿದವು. ಹೊರಗಿನವರು ಅವರನ್ನು ‘ತಾರಾಹುಮಾರಾ’ ಎಂದರು. ಅವರು ತಮ್ಮನ್ನು ಕರೆದುಕೊಳ್ಳುವುದು ರಾರಾಮುರಿ ಎಂದೇ. ಅವರ ಭಾಷೆಯನ್ನಾಡುವವರು ಇಂದು ಸುಮಾರು 90 ಸಾವಿರ.

ಜೋಳ, ಹುರುಳಿಕಾಯಿ, ಕುಂಬಳ ಅವರ ಬೆಳೆ. ಆಡು, ಕುರಿ ಅವರ ಸಂಪತ್ತು. ಮನೆಯಿಂದ ಮನೆಗೆ ಅರ್ಧ ದಿನದ ದಾರಿ ಇರುವುದೂ ಉಂಟು. ಇಲ್ಲಿ ಜೋಳವೆಂದರೆ ನಮ್ಮ ಮುಸುಕಿನ ಜೋಳ. ಅದನ್ನು ಹುರಿದು ಬೀಸಿದ ‘ಪಿನೋಲೆ’ ಎಂಬ ಹಿಟ್ಟನ್ನು ನೀರಿನಲ್ಲಿ ಕದಡಿ ಕುಡಿದು ಹೊರಟರೆ ಇಡೀ ದಿನದ ನಡಿಗೆಗೆ ಸಾಕು. ನಮ್ಮ ಹಳ್ಳಿಗರು ದೂರದ ಜಾತ್ರೆಗೆ ಹುರಿಹಿಟ್ಟು ಕಟ್ಟಿಕೊಂಡು ಹೋಗುತ್ತಿದ್ದಂತೆಯೇ ಇದು.

ಚಪ್ಪಲಿಗೆ ರಾರಾಮುರಿ ಭಾಷೆಯಲ್ಲಿ ‘ಅಕಾಕ’ ಎನ್ನುತ್ತಾರೆ. ಹೊರಜಗತ್ತಿಗೆ ಪರಿಚಿತವಾದ ‘ವರಾಚೆ’ ಎಂಬ ಮಾತು ಮೆಕ್ಸಿಕೋದ ಇನ್ನೊಂದು ಮೂಲನಿವಾಸಿ ಭಾಷೆಯಾದ ಪುರೆಪೆಚಾದಿಂದ ಸ್ಪ್ಯಾನಿಷಿಗೆ ಬಂದದ್ದು. ಮೊದಲು ಅಟ್ಟೆಗೆ ದನದ ತೊಗಲು ಬಳಸುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಲಾರಿಗಳು ಬಂದು, ಅವುಗಳ ಹಿಂದೆಯೇ ಸವೆದ ಟೈರುಗಳೂ ಬಂದಮೇಲೆ ತೊಗಲಿನ ಜಾಗವನ್ನು ರಬ್ಬರ್ ಹಿಡಿಯಿತು. ತೊಗಲಿಗಿಂತ ಹೆಚ್ಚು ಬಾಳಿಕೆ, ಒದ್ದೆಯಾದರೂ ಹಿಗ್ಗದು, ಮೇಲಾಗಿ ಪುಕ್ಕಟೆ. ‘ಪ್ರಾಚೀನ ಚಪ್ಪಲಿ’ ಎಂದು ಪ್ರಚಾರವಾದದ್ದರ ಅಟ್ಟೆ ಆಧುನಿಕ ಕಾರ್ಖಾನೆಯ ತ್ಯಾಜ್ಯ ಎಂಬುದನ್ನು ಗಮನಿಸಬೇಕು. ಹಳೆಯದಾಗಿ ಉಳಿದದ್ದು ಅದನ್ನು ಕಟ್ಟುವ ಬಗೆ.

ಮಾಡುವ ಕ್ರಮ

ಟೈರಿನ ಚಪ್ಪಲಿ ಕನ್ನಡಿಗರಿಗೇನೂ ಹೊಸದಲ್ಲ. ಬಯಲುಸೀಮೆಯ ಸಂತೆಗಳಲ್ಲಿ ಲಾರಿ ಟೈರಿನ ಅಟ್ಟೆಯ ಮೆಟ್ಟು ಕೊಂಡು, ಅದು ಸವೆಯುವುದನ್ನೇ ಕಾಣದೆ ವರ್ಷಗಟ್ಟಲೆ ಹೊಲ ತುಳಿದವರು ಬಹಳ ಮಂದಿ. ಆದರೆ ನಮ್ಮ ಮೆಟ್ಟಿಗೆ ಅಡ್ಡಪಟ್ಟಿ, ಉಂಗುಷ್ಠ, ಮೊಳೆಗಳು ಇರುತ್ತವೆ. ಅದು ನಡಿಗೆಗೆ ಒದಗುವಂಥದು. ರಾರಾಮುರಿ ಚಪ್ಪಲಿಯಲ್ಲಿ ಇರುವುದು ಮೂರೇ ತೂತು, ಒಂದೇ ಬಾರು. ಮೊಳೆಯಿಲ್ಲ, ಹೊಲಿಗೆಯಿಲ್ಲ, ಅಂಟಿಲ್ಲ.

ಮೊದಲು ಕಾಗದದ ಮೇಲೆ ಎರಡೂ ಕಾಲಿಗೆ ಸಮನಾಗಿ ಭಾರ ಬಿಟ್ಟು ನಿಲ್ಲಬೇಕು. ಕುಳಿತು ಅಳತೆ ತೆಗೆದರೆ ತಪ್ಪುತ್ತದೆ. ಮೈಭಾರ ಬಿದ್ದಾಗಲೇ ಪಾದ ತನ್ನ ನಿಜವಾದ ಅಗಲಕ್ಕೆ ಹರಡಿಕೊಳ್ಳುವುದು. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು. ಎಡಗಾಲು ಬಲಗಾಲು ಒಂದೇ ಅಳತೆಯವಾಗಿರುವುದು ಅಪರೂಪವಾದ್ದರಿಂದ ಎರಡನ್ನೂ ಬೇರೆ ಬೇರೆ ಗೀಚಿಕೊಳ್ಳುವುದು ಒಳ್ಳೆಯದು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನ ಸಂದಿಯಲ್ಲಿ ಒಂದು ಗುರುತು. ಒಳಗಡೆಯ ಮತ್ತು ಹೊರಗಡೆಯ ಹರಡಿನ ಮೂಳೆಗಳ ನೇರಕ್ಕೆ, ಕೂದಲೆಳೆಯಷ್ಟು ಮುಂದೆ ಎರಡು ಗುರುತು. ಇವೇ ಆ ಮೂರು ತೂತುಗಳ ಸ್ಥಾನ.

ಇನ್ನು ಅಟ್ಟೆ. ಟೈರಿನದಾದರೆ ಒಳಗೆ ಉಕ್ಕಿನ ತಂತಿ ಇಲ್ಲದ, ನೂಲಿನ ಪದರದ ಟೈರೇ ಆಗಬೇಕು. ಇಂದಿನ ಬಹುಪಾಲು ಕಾರಿನ ಟೈರುಗಳಲ್ಲಿ ನೆಲಕ್ಕೆ ತಾಗುವ ಭಾಗದಲ್ಲಿ ಉಕ್ಕಿನ ತಂತಿಯಿದ್ದು, ಕತ್ತರಿಸುವುದು ಕಷ್ಟ. ಕತ್ತರಿಸಿದರೂ ತಂತಿಯ ಮೊನೆ ಅಂಗಾಲಿಗೆ ಚುಚ್ಚುತ್ತದೆ. ನಗರವಾಸಿಗಳು ಚಪ್ಪಲಿ ರಿಪೇರಿಯವರ ಬಳಿ ಸಿಗುವ ನಾಲ್ಕರಿಂದ ಆರು ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆಯನ್ನೇ ಬಳಸುವುದುಂಟು. ರಬ್ಬರ್ ಕೊಯ್ಯುವಾಗ ಚೂರಿಯ ಅಲಗಿಗೆ ಆಗಾಗ ನೀರು ಹಚ್ಚಿದರೆ ಅದು ಕಚ್ಚಿಕೊಳ್ಳದೆ ಸಲೀಸಾಗಿ ಹರಿಯುತ್ತದೆ. ಗುರುತಿನ ಗೆರೆಗಿಂತ ತುಸು ಹೊರಗೇ ಕೊಯ್ದಿಟ್ಟುಕೊಂಡು ಕೊನೆಗೆ ಅಂಚು ಸವರಬೇಕು. ಹೆಚ್ಚಾದದ್ದನ್ನು ಕತ್ತರಿಸಬಹುದು, ಕಡಿಮೆಯಾದದ್ದನ್ನು ಜೋಡಿಸಲಾಗದು.

ಬಾರು ಪ್ರತಿ ಕಾಲಿಗೆ ಸುಮಾರು ಎರಡು ಮೀಟರ್. ಅದರ ತುದಿಗೆ ಗಂಟು ಹಾಕಿ ಬೆರಳಿನ ತೂತಿನ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾರೆ. ಗಂಟು ಅಟ್ಟೆಯ ಅಡಿಗೆ ಉಳಿಯುತ್ತದೆ. ಬಾರು ಪಾದದ ಬೆನ್ನಿನ ಮೇಲೆ ಹಾದು, ಹೊರಬದಿಯ ತೂತಿಗೆ ಇಳಿದು, ಮೇಲೆ ಬಂದು ಹಿಮ್ಮಡಿಯ ಹಿಂದಿನಿಂದ ಸುತ್ತಿ, ಒಳಬದಿಯ ತೂತಿಗೆ ಹೊಕ್ಕು, ಮತ್ತೆ ಪಾದದ ಬೆನ್ನಿಗೆ ಬರುತ್ತದೆ. ಉಳಿದದ್ದನ್ನು ಹರಡಿನ ಸುತ್ತ ಸುತ್ತಿ ಕಟ್ಟಿದರೆ ಚಪ್ಪಲಿ ಮುಗಿಯಿತು. ಕೈ ಪಳಗಿದವರಿಗೆ ಇದು ಒಂದು ಗಂಟೆಯ ಕೆಲಸ.

ಕಷ್ಟವಿರುವುದು ಬಾರಿನ ಬಿಗಿಯಲ್ಲಿ. ಹಿಮ್ಮಡಿಯ ಸುತ್ತು ಸಡಿಲವಾದರೆ ಪ್ರತಿ ಹೆಜ್ಜೆಗೂ ಅಟ್ಟೆ ಪಟಪಟನೆ ಹೊಡೆಯುತ್ತದೆ; ಪಾದ ಜಾರಿ ಬೆರಳು ಕಲ್ಲಿಗೆ ಎಡವುತ್ತದೆ. ಬೆರಳಿನ ಸಂದಿಯ ಎಳೆ ಬಿಗಿಯಾದರೆ ಚರ್ಮ ಕಿತ್ತುಬರುತ್ತದೆ. ಅಡಿಯ ಗಂಟು ನೆಲಕ್ಕೆ ಉಜ್ಜಿ ಸವೆದು ಒಂದು ದಿನ ದಾರಿಯ ನಡುವೆ ಹರಿಯುತ್ತದೆ. ಆದ್ದರಿಂದ ದೂರ ಹೋಗುವವರು ಬಾರು ಉದ್ದ ಬಿಟ್ಟಿರುತ್ತಾರೆ. ಹರಿದಲ್ಲೇ ಕುಳಿತು ಹೊಸ ಗಂಟು ಹಾಕಿ ಹೊರಟುಬಿಡುತ್ತಾರೆ. ಕೆಟ್ಟದ್ದನ್ನು ಕೆಟ್ಟ ಜಾಗದಲ್ಲೇ ಸರಿಪಡಿಸಬಹುದು ಎಂಬುದು ಈ ಚಪ್ಪಲಿಯ ದೊಡ್ಡ ಗುಣ.

ಪಾದ ಮಾಡುವ ಕೆಲಸ

ಇಷ್ಟು ತೆಳುವಾದ ಅಟ್ಟೆಯ ಮೇಲೆ ಮೈಲಿಗಟ್ಟಲೆ ಓಡುವುದು ಹೇಗೆ? ಉತ್ತರ ಇರುವುದು ಕಾಲು ನೆಲಕ್ಕೆ ತಾಗುವ ರೀತಿಯಲ್ಲಿ. ದಪ್ಪ ಹಿಮ್ಮಡಿಯ ಬೂಟು ತೊಟ್ಟವರಲ್ಲಿ ಹೆಚ್ಚಿನವರು ಕಾಲನ್ನು ಮುಂದೆ ಚಾಚಿ ಹಿಮ್ಮಡಿಯನ್ನು ಮೊದಲು ಊರುತ್ತಾರೆ. ಆ ಕ್ಷಣ ದೇಹದ ತೂಕದ ಒಂದೂವರೆಯಿಂದ ಮೂರು ಪಟ್ಟಿನಷ್ಟು ಹೊಡೆತ ಥಟ್ಟನೆ ಕಾಲಿಗೆ ತಾಗುತ್ತದೆ. ಬೂಟಿನ ಮೆತ್ತೆ ಅದನ್ನು ಸ್ವಲ್ಪ ಹೀರುವುದರಿಂದ ನೋವು ತಿಳಿಯುವುದಿಲ್ಲ. ಬರಿಗಾಲಲ್ಲಿ ಗಟ್ಟಿನೆಲದ ಮೇಲೆ ಹಾಗೆ ಊರಿದರೆ ಹಿಮ್ಮಡಿ ಜುಮ್ಮೆನ್ನುತ್ತದೆ. ಆದ್ದರಿಂದ ಬರಿಗಾಲಲ್ಲಿ ಓಡುವವರಲ್ಲಿ ಬಹಳಷ್ಟು ಮಂದಿ ಯಾರೂ ಹೇಳಿಕೊಡದೆಯೇ ಹೆಜ್ಜೆ ಗಿಡ್ಡ ಮಾಡಿ, ಪಾದದ ಮುಂಭಾಗ ಅಥವಾ ನಡುಭಾಗವನ್ನು ಮೊದಲು ಊರುತ್ತಾರೆ. ಆಗ ಪಾದದ ಕಮಾನು, ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಮೀನಖಂಡ ಇವು ಮೂರೂ ಸೇರಿ ಸ್ಪ್ರಿಂಗಿನಂತೆ ಭಾರವನ್ನು ತಾಳಿಕೊಳ್ಳುತ್ತವೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನು ಅಳೆದು ತೋರಿಸಿತು. ಅವರು ಅನಂತರ ರಾರಾಮುರಿಗಳ ನಾಡಿಗೂ ಹೋದರು. 2014ರಲ್ಲಿ ಪ್ರಕಟವಾದ ಅಲ್ಲಿನ ಫಲಿತಾಂಶದಂತೆ, ಚಪ್ಪಲಿ ತೊಟ್ಟ ರಾರಾಮುರಿಗಳಲ್ಲಿ ನೂರಕ್ಕೆ 40 ಮಂದಿ ನಡುಪಾದವನ್ನು, 30 ಮಂದಿ ಮುಂಪಾದವನ್ನು, ಉಳಿದ 30 ಮಂದಿ ಹಿಮ್ಮಡಿಯನ್ನು ಮೊದಲು ಊರುತ್ತಿದ್ದರು. ಅದೇ ಜನಾಂಗದ, ಆದರೆ ಬೂಟಿಗೆ ಒಗ್ಗಿಕೊಂಡವರಲ್ಲಿ ಹಿಮ್ಮಡಿ ಊರುವವರು ನೂರಕ್ಕೆ 75. ರಕ್ತ ಒಂದೇ, ನೆಲವೂ ಒಂದೇ. ಬದಲಾದದ್ದು ಪಾದರಕ್ಷೆ ಮತ್ತು ಅದರಿಂದ ಬಂದ ಅಭ್ಯಾಸ.

2018ರಲ್ಲಿ ಬಂದ ಇನ್ನೊಂದು ಅಧ್ಯಯನ ಚಪ್ಪಲಿಯ ರಾರಾಮುರಿಗಳ ಪಾದಗಳನ್ನೂ ಅಮೆರಿಕದ ನಗರವಾಸಿಗಳ ಪಾದಗಳನ್ನೂ ಹೋಲಿಸಿತು. ರಾರಾಮುರಿಗಳ ಪಾದದ ಕಮಾನು ಹೆಚ್ಚು ಬಿಗಿ. ಪಾದದೊಳಗಿನ ಕೆಲವು ಸ್ನಾಯುಗಳು ಹೆಚ್ಚು ದಪ್ಪ. ಮಾಡಬೇಕಾದ ಕೆಲಸವನ್ನು ಬೂಟು ಮಾಡಿಕೊಟ್ಟರೆ ಪಾದ ಸೋಮಾರಿಯಾಗುತ್ತದೆ ಎಂಬ ಹಳೆಯ ಊಹೆಗೆ ಇದು ಪುಷ್ಟಿ ಕೊಟ್ಟಿತು. ತೆಳು ಚಪ್ಪಲಿ ಓಡುವವನಿಗೆ ಏನನ್ನೂ ಕೊಡುವುದಿಲ್ಲ. ಮುಳ್ಳು, ಗಾಜು, ಕಾದ ಬಂಡೆಗಳಿಂದ ಚರ್ಮವನ್ನು ಕಾಯುತ್ತದೆ. ಉಳಿದ ಕೆಲಸವನ್ನು ಪಾದಕ್ಕೇ ಬಿಡುತ್ತದೆ.

ಹಳೆಯದು ಯಾವುದು?

ಮನುಷ್ಯ ಚಪ್ಪಲಿ ತೊಟ್ಟದ್ದು ಈಚಿನ ಮಾತಲ್ಲ. ಅಮೆರಿಕದ ಆರೆಗನ್ ರಾಜ್ಯದ ಫೋರ್ಟ್ ರಾಕ್ ಎಂಬಲ್ಲಿನ ಗುಹೆಯಲ್ಲಿ 1938ರಲ್ಲಿ ಲೂಥರ್ ಕ್ರೆಸ್‌ಮನ್ ಎಂಬ ಪ್ರಾಕ್ತನಶಾಸ್ತ್ರಜ್ಞ ಹತ್ತಾರು ಚಪ್ಪಲಿಗಳನ್ನು ಅಗೆದು ತೆಗೆದರು. ಅವು ಸೇಜ್‌ಬ್ರಷ್ ಎಂಬ ಗಿಡದ ತೊಗಟೆಯನ್ನು ಹೆಣೆದು ಮಾಡಿದವು. ಜ್ವಾಲಾಮುಖಿಯೊಂದು ಉಗುಳಿದ ಬೂದಿಯ ಪದರದ ಕೆಳಗೆ ಬೆಚ್ಚಗೆ ಉಳಿದಿದ್ದವು. ಇಂಗಾಲದ ಪರೀಕ್ಷೆಯಿಂದ ಅವುಗಳ ವಯಸ್ಸು ಒಂಬತ್ತು ಸಾವಿರ ವರ್ಷಕ್ಕೂ ಮೇಲೆ ಎಂದು ತಿಳಿಯಿತು. ಚಪ್ಪಟೆ ಅಟ್ಟೆ, ಕಟ್ಟಲು ಹುರಿ: ಅಂದಿನ ಉಪಾಯವೂ ಇಷ್ಟೇ.

ಮೆತ್ತನೆಯ ಓಟದ ಬೂಟು ಇದರ ಮುಂದೆ ನಿನ್ನೆ ಹುಟ್ಟಿದ ಕೂಸು. ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿ ಮಾಡುವ ವಿಧಾನ ಚಾರ್ಲ್ಸ್ ಗುಡ್‌ಇಯರ್‌ಗೆ ಹೊಳೆದದ್ದು 1839ರಲ್ಲಿ. ಆಮೇಲೆ ಬಂದ ಕ್ಯಾನ್ವಾಸ್ ಶೂಗಳ ಅಟ್ಟೆ ಬಹುಕಾಲ ತೆಳುವಾಗಿಯೇ ಇತ್ತು. ಹಿಮ್ಮಡಿಯಡಿ ದಪ್ಪ ಮೆತ್ತೆ ಇಟ್ಟ ಬೂಟು ಜನಪ್ರಿಯವಾದದ್ದು 1970ರ ದಶಕದಲ್ಲಿ, ಅಮೆರಿಕದ ಮಧ್ಯಮವರ್ಗ ಆರೋಗ್ಯಕ್ಕಾಗಿ ಬೀದಿಗಿಳಿದು ಓಡಲಾರಂಭಿಸಿದಾಗ.

ಹಾಗೆಂದು ಬೂಟು ಬಿಟ್ಟವನೇ ಗೆಲ್ಲುತ್ತಾನೆ ಎಂದುಕೊಳ್ಳುವಂತಿಲ್ಲ. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಓಡಿ ಚಿನ್ನ ಗೆದ್ದ ಕಥೆ ಎಲ್ಲರಿಗೂ ಗೊತ್ತು. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಶೂ ತೊಟ್ಟು ಓಡಿ, ಮೂರು ನಿಮಿಷ ಬೇಗನೆ ಮುಗಿಸಿ, ಮತ್ತೆ ಚಿನ್ನ ಗೆದ್ದ. ಇಂದಿನ ಮ್ಯಾರಥಾನ್ ದಾಖಲೆಗಳೆಲ್ಲ ದಪ್ಪ ಅಟ್ಟೆಯ, ಒಳಗೆ ಇಂಗಾಲದ ಫಲಕವಿರುವ ಬೂಟುಗಳಲ್ಲಿ ಆದವು.

ಹುಚ್ಚು ಹಿಡಿದ ವರ್ಷಗಳು

ಲೆಡ್‌ವಿಲ್‌ನಲ್ಲಿ ಐದನೆಯವನಾಗಿ ಬಂದಿದ್ದ ಮನ್ವೆಲ್ ಲೂನಾ, 2006ರಲ್ಲಿ ತಾಮ್ರ ಕಣಿವೆಯ ಉರಿಕೆ ಎಂಬ ಊರಿನಲ್ಲಿ ಅಮೆರಿಕದಿಂದ ಬಂದ ಟೆಡ್ ಮ್ಯಾಕ್‌ಡೊನಾಲ್ಡ್ ಎಂಬ ಬರಿಗಾಲ ಓಟಗಾರನಿಗೆ ಟೈರಿನ ಚಪ್ಪಲಿ ಮಾಡುವುದನ್ನು ತೋರಿಸಿಕೊಟ್ಟ. ಮ್ಯಾಕ್‌ಡೊನಾಲ್ಡ್ ಮುಂದೆ ಸಿಯಾಟಲ್‌ನಲ್ಲಿ ಚಪ್ಪಲಿ ತಯಾರಿಸುವ ಕಂಪನಿ ತೆರೆದು ಅದಕ್ಕೆ ಲೂನಾನ ಹೆಸರನ್ನೇ ಇಟ್ಟರು. ಅದೇ 2006ರಲ್ಲಿ ಉರಿಕೆಯಲ್ಲಿ ರಾರಾಮುರಿಗಳೊಡನೆ ಹೊರಗಿನವರೂ ಓಡಿದ ಸ್ಪರ್ಧೆಯೊಂದನ್ನು ಕೇಂದ್ರವಾಗಿಟ್ಟುಕೊಂಡು ಪತ್ರಕರ್ತ ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಬರೆದ ‘ಬಾರ್ನ್ ಟು ರನ್’ 2009ರಲ್ಲಿ ಹೊರಬಂದು ಅಪಾರವಾಗಿ ಮಾರಾಟವಾಯಿತು. ಬೂಟುಗಳೇ ಗಾಯಕ್ಕೆ ಕಾರಣ, ಅವನ್ನು ಎಸೆದರೆ ಸಾಕು ಎಂಬ ಮಾತು ಓಟಗಾರರ ನಡುವೆ ಮಂತ್ರದಂತೆ ಹಬ್ಬಿತು.

ಆದರೆ ಮೂವತ್ತು ವರ್ಷ ಮೆತ್ತೆಯ ಮೇಲೆ ನಡೆದ ಪಾದ ಒಂದು ವಾರದಲ್ಲಿ ಬದಲಾಗುವುದಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಾಮೂಲು ಬೂಟಿನ ಓಟಗಾರರಲ್ಲಿ ಒಂದು ಗುಂಪನ್ನು ಹತ್ತು ವಾರಗಳಲ್ಲಿ ಕೈಗವಸಿನಂಥ ತೆಳು ಶೂಗಳಿಗೆ ಒಗ್ಗಿಸಲು ನೋಡಿದರು. ಕೊನೆಗೆ ಸ್ಕ್ಯಾನ್ ಮಾಡಿದಾಗ ಆ ಗುಂಪಿನ ಅರ್ಧಕ್ಕೂ ಹೆಚ್ಚು ಮಂದಿಯ ಪಾದದ ಮೂಳೆಗಳೊಳಗೆ ಬಾವು ಹೆಚ್ಚಿತ್ತು. ಮೂಳೆ ಬಿರುಕು ಬಿಡುವ ಮುನ್ನಿನ ಎಚ್ಚರಿಕೆಯದು. ಅಂಥ ಶೂಗಳಿಂದ ಗಾಯ ಕಡಿಮೆಯಾಗುತ್ತದೆ, ಪಾದ ಬಲವಾಗುತ್ತದೆ ಎಂದು ಆಧಾರವಿಲ್ಲದೆ ಜಾಹೀರಾತು ಕೊಟ್ಟಿದ್ದಾರೆಂದು ಗ್ರಾಹಕರು ತಯಾರಕ ಕಂಪನಿಯೊಂದರ ಮೇಲೆ ದಾವೆ ಹೂಡಿದರು. 2014ರಲ್ಲಿ ಆ ಕಂಪನಿ ತಪ್ಪನ್ನು ಒಪ್ಪಿಕೊಳ್ಳದೆಯೇ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

‘ಬರಿಗಾಲಿನವರೆಲ್ಲ ಮುಂಪಾದವನ್ನೇ ಊರುತ್ತಾರೆ’ ಎಂಬ ನಂಬಿಕೆಯೂ ಪೂರ್ತಿ ನಿಲ್ಲಲಿಲ್ಲ. ಉತ್ತರ ಕೆನ್ಯಾದ ದಾಸನಚ್ ಜನ ಹುಟ್ಟಿನಿಂದ ಬರಿಗಾಲಿನವರು. ಅವರು ತಮಗೆ ಹಿತವಾದ ನಿಧಾನಗತಿಯಲ್ಲಿ ಓಡುವಾಗ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರುತ್ತಾರೆಂದು 2013ರ ಇನ್ನೊಂದು ಅಧ್ಯಯನ ತೋರಿಸಿತು. ವೇಗ, ನೆಲ, ಅಭ್ಯಾಸ ಎಲ್ಲವೂ ಸೇರಿ ಹೆಜ್ಜೆಯನ್ನು ರೂಪಿಸುತ್ತವೆ. ಚಪ್ಪಲಿ ಅವುಗಳಲ್ಲೊಂದು ಮಾತ್ರ.

ಹಾಗಾಗಿ ಮನೆಯಲ್ಲಿ ಚಪ್ಪಲಿ ಮಾಡಿಕೊಂಡು ಓಡಬಯಸುವವರಿಗೆ ಅನುಭವಿಗಳು ಹೇಳುವುದು ನಿಧಾನದ ಪಾಠ. ಮೊದಲ ಕೆಲವು ವಾರ ಅದರಲ್ಲಿ ಬರೀ ನಡೆಯಬೇಕು. ಆಮೇಲೆ ದಿನ ಬಿಟ್ಟು ದಿನ ಕೆಲವು ನಿಮಿಷ ಓಡಬೇಕು. ಮೀನಖಂಡ ಹಿಡಿದುಕೊಂಡರೆ ಅದು ಸಡಿಲವಾಗುವವರೆಗೆ ಕಾಯಬೇಕು. ಪಾದದ ಬೆನ್ನಿನ ಮೂಳೆಯಲ್ಲಿ ಒಂದೇ ಕಡೆ ಒತ್ತಿದರೆ ನೋಯುತ್ತಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಹೆಜ್ಜೆ ಗಿಡ್ಡದಾಗಿ, ಸದ್ದಿಲ್ಲದೆ ಬೀಳಬೇಕು. ಚಪ್ಪಲಿ ಸದ್ದು ಮಾಡಿದರೆ ಎಲ್ಲೋ ತಪ್ಪಾಗಿದೆ ಎಂದು ತಿಳಿಯಬೇಕು. ಪೂರ್ತಿ ಒಗ್ಗಲು ತಿಂಗಳುಗಳೇ ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರಿಗಂತೂ ಈ ಪ್ರಯೋಗ ಸಲ್ಲದು. ಅಟ್ಟೆ ತೆಳುವಾಗಿದ್ದಾಗ ಕಾಪಾಡುವುದು ನೋವಿನ ಅರಿವು. ಆ ಅರಿವೇ ಇಲ್ಲದಿದ್ದರೆ ಚಿಕ್ಕ ಗಾಯವೂ ದೊಡ್ಡ ಹುಣ್ಣಾದೀತು.

ಓಟದ ಹಿಂದಿನ ಬದುಕು

ಹಾಗಾದರೆ ರಾರಾಮುರಿಗಳ ಶಕ್ತಿ ಎಲ್ಲಿಂದ ಬಂತು? ಈ ಪ್ರಶ್ನೆಗೆ ನೂರು ವರ್ಷಗಳಿಂದ ಹೊರಗಿನವರು ಒಂದೇ ಬಗೆಯ ಉತ್ತರ ಹುಡುಕಿದರು: ಇವರು ನಾಗರಿಕತೆ ಸೋಂಕದ, ಹುಟ್ಟಾ ಓಟಗಾರರ ಕುಲ. 1926ರಲ್ಲಿ ತೋಮಾಸ್ ಸಾಫಿರೊ, ಲಿಯೊನ್ಸಿಯೊ ಸಾನ್ ಮಿಗೆಲ್ ಎಂಬ ಇಬ್ಬರು ಪಚೂಕಾದಿಂದ ಮೆಕ್ಸಿಕೋ ನಗರದವರೆಗಿನ ನೂರು ಕಿಲೋಮೀಟರನ್ನು 9 ಗಂಟೆ 37 ನಿಮಿಷದಲ್ಲಿ ಓಡಿದಾಗ ಪತ್ರಿಕೆಗಳು ಹೀಗೆಯೇ ಬರೆದವು. ಎರಡು ವರ್ಷದ ಅನಂತರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನ ಮ್ಯಾರಥಾನ್‌ಗೆ ಇಬ್ಬರು ರಾರಾಮುರಿಗಳನ್ನು ಕಳಿಸಿದರು. ಅವರು ಬಂದದ್ದು 21ನೆಯ ಮತ್ತು 35ನೆಯ ಸ್ಥಾನದಲ್ಲಿ. ಪವಾಡ ಕಾಣಲು ಕಾದವರಿಗೆ ನಿರಾಸೆಯಾಯಿತು.

ಲೀಬರ್ಮನ್ ಮತ್ತು ಸಂಗಡಿಗರು ಹಿರಿಯ ರಾರಾಮುರಿ ಓಟಗಾರರನ್ನು ಮಾತನಾಡಿಸಿ 2020ರಲ್ಲಿ ಬರೆದ ಲೇಖನ ಈ ‘ಹುಟ್ಟಾ ಓಟಗಾರ’ನ ಕಲ್ಪನೆಯನ್ನೇ ಪ್ರಶ್ನಿಸಿತು. ರಾರಾಮುರಿಗಳೆಲ್ಲ ದೂರ ಓಡುವವರಲ್ಲ. ಓಡುವವರೂ ಪ್ರತ್ಯೇಕ ತರಬೇತಿ ಮಾಡುವುದಿಲ್ಲ. ಹೊಲದ ಕೆಲಸ, ಕಡಿದಾದ ದಾರಿಯಲ್ಲಿ ಆಡು ಕಾಯುವುದು, ನೀರು ಕಟ್ಟಿಗೆ ಹೊರುವುದು, ರಾತ್ರಿಯಿಡೀ ನಡೆಯುವ ಕುಣಿತ ಇವೇ ಅವರ ತಾಲೀಮು. ಹಿಂದೆ ಜಿಂಕೆಯನ್ನು ದಣಿಯುವವರೆಗೆ ಬೆನ್ನಟ್ಟಿ ಹಿಡಿಯುವ ಬೇಟೆಯೂ ಇತ್ತು. ಓಟ ಅವರಿಗೆ ಆಟ, ಜೂಜು, ಪ್ರಾರ್ಥನೆ ಮೂರೂ ಹೌದು.

‘ರರಾಹಿಪರಿ’ ಎಂಬ ಅವರ ಆಟ ಇದಕ್ಕೆ ಸಾಕ್ಷಿ. ಎರಡು ತಂಡಗಳು. ಪ್ರತಿ ತಂಡಕ್ಕೂ ಮರದಲ್ಲಿ ಕೆತ್ತಿದ ಒಂದು ಚೆಂಡು. ಅದನ್ನು ಪಾದದ ತುದಿಯಿಂದ ಎತ್ತಿ ಮುಂದೆ ಎಸೆಯುತ್ತ, ಬೆನ್ನಟ್ಟುತ್ತ, ಕಲ್ಲುಸಂದಿಯಲ್ಲಿ ಹುಡುಕುತ್ತ ಸುತ್ತು ಮೇಲೆ ಸುತ್ತು ಓಡಬೇಕು. ದೊಡ್ಡ ಪಂದ್ಯವಾದರೆ ಹಗಲು ದಾಟಿ ರಾತ್ರಿಗೆ ಹೋಗುತ್ತದೆ. ಊರವರು ಸೂಡಿ ಹಿಡಿದು ಜೊತೆಗೆ ಓಡುತ್ತಾರೆ. ಹೆಂಗಸರಿಗೆ ‘ಅರಿವೇಟಾ’ ಎಂಬ ಬೇರೆ ಓಟವಿದೆ. ಅವರು ಚೆಂಡಿನ ಬದಲು ಬಳೆಯಂಥ ಉಂಗುರವನ್ನು ಕೋಲಿನಿಂದ ಎತ್ತಿ ಎಸೆಯುತ್ತಾರೆ. ಬಟ್ಟೆ, ಆಡು, ಹಣ ಪಣಕ್ಕಿಡುವ ಪ್ರೇಕ್ಷಕರೂ ದಾರಿಯುದ್ದಕ್ಕೂ ಹುರಿದುಂಬಿಸುತ್ತಿರುತ್ತಾರೆ. ಒಬ್ಬನೇ ಓಡಿ ಒಬ್ಬನೇ ಗೆಲ್ಲುವ ನಗರದ ಮ್ಯಾರಥಾನ್‌ಗೂ ಇದಕ್ಕೂ ಬಹಳ ಅಂತರ.

2017ರಲ್ಲಿ ಲೊರೇನಾ ರಾಮಿರೆಸ್ ಎಂಬ 22ರ ತರುಣಿ ಮೆಕ್ಸಿಕೋದ ಪುಯೆಬ್ಲಾ ರಾಜ್ಯದಲ್ಲಿ ನಡೆದ 50 ಕಿಲೋಮೀಟರ್ ಬೆಟ್ಟದ ಓಟದಲ್ಲಿ ಹೆಂಗಸರ ವಿಭಾಗವನ್ನು ಗೆದ್ದಳು. ತೊಟ್ಟದ್ದು ಅವರ ರೂಢಿಯ ನೆರಿಗೆ ಲಂಗ, ಕಾಲಿಗೆ ಚಪ್ಪಲಿ. ಜಗತ್ತಿನ ಪತ್ರಿಕೆಗಳು ಮತ್ತೊಮ್ಮೆ ಚಪ್ಪಲಿಯ ಚಿತ್ರ ಹಾಕಿದವು. ಆಕೆ ಬೆಳೆದದ್ದು ಆಡುದನಗಳ ಹಿಂದೆ ದಿನವೂ ಬೆಟ್ಟ ಹತ್ತಿ ಇಳಿಯುತ್ತ ಎಂಬುದು ಆ ಚಿತ್ರದಲ್ಲಿ ಕಾಣುವಂತಿರಲಿಲ್ಲ.

ಚಪ್ಪಲಿ ಯಾರದು?

ಚಪ್ಪಲಿ ಮಾಡುವ ಕೈಯ ವಿಷಯದಲ್ಲಿ ನಮಗೂ ಅವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ರಾರಾಮುರಿಗಳಲ್ಲಿ ತನ್ನ ಚಪ್ಪಲಿಯನ್ನು ತಾನು ಮಾಡಿಕೊಳ್ಳುವುದು ಸಹಜ. ಅದಕ್ಕೆ ಮೇಲುಕೀಳಿನ ಸೋಂಕಿಲ್ಲ. ನಮ್ಮಲ್ಲಿ ಮೆಟ್ಟು ಮಾಡುವ ಕೈಯನ್ನು ಶತಮಾನಗಳ ಕಾಲ ಊರ ಹೊರಗಿಟ್ಟೆವು. ಹನ್ನೆರಡನೆಯ ಶತಮಾನದ ಶರಣ ಹರಳಯ್ಯ ತನ್ನ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟನೆಂಬ ಐತಿಹ್ಯ ಕನ್ನಡಿಗರ ಮನಸ್ಸನ್ನು ಇಂದಿಗೂ ಕಲಕುವುದು ಈ ಹಿನ್ನೆಲೆಯಿಂದಲೇ.

ಆದರೆ ಮಾಡಿದ ವಸ್ತುವನ್ನು ದೂರದ ಮಾರುಕಟ್ಟೆ ಎತ್ತಿಕೊಂಡು ಹೋಗುವ ರೀತಿ ಎರಡೂ ಕಡೆ ಒಂದೇ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿದ್ದವು. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ತಲೆಮಾರುಗಳಿಂದ ಮಾಡುತ್ತ ಬಂದ ಚಪ್ಪಲಿ ಅದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದಲ್ಲಿ ಅದೇ ರೂಪದ ಚಪ್ಪಲಿಯನ್ನು ಮೂಲ ಹೇಳದೆ ಪ್ರದರ್ಶಿಸಿ, ಆಕ್ಷೇಪಣೆ ಎದ್ದಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಅದೇ ವರ್ಷದ ಕೊನೆಗೆ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದಕ್ಕೂ ಬಂತು. ಎರಡೇ ತಿಂಗಳ ಅಂತರದಲ್ಲಿ, 2025ರ ಆಗಸ್ಟ್‌ನಲ್ಲಿ, ಮೆಕ್ಸಿಕೋದ ಒಹಾಕಾ ರಾಜ್ಯದ ಯಲಾಲಗ್ ಊರಿನ ವರಾಚೆ ಚಪ್ಪಲಿಯ ಹೆಣಿಗೆಯನ್ನು ಹೋಲುವ ಶೂ ತಂದದ್ದಕ್ಕೆ ಅಡಿಡಾಸ್ ಸಂಸ್ಥೆ ಆ ಊರಿನವರ ಕ್ಷಮೆ ಕೇಳಬೇಕಾಯಿತು.

ಕ್ಷಮೆ, ಒಪ್ಪಂದಗಳಿಂದ ಸ್ವಲ್ಪ ನ್ಯಾಯ ಸಿಗಬಹುದು. ತಾಮ್ರ ಕಣಿವೆಯಲ್ಲಿ ಇಂದು ಇರುವ ಕಷ್ಟ ಬೇರೆ ಬಗೆಯದು. ಮರೆಯಾಗುತ್ತಿರುವ ಕಾಡು, ಮತ್ತೆ ಮತ್ತೆ ಕಾಡುವ ಬರ, ಗಾಂಜಾ ಅಫೀಮು ಬೆಳೆಸಲು ಹೊಲ ಕಿತ್ತುಕೊಳ್ಳುವ ಮಾದಕವಸ್ತು ದಂಧೆಯ ಬಂದೂಕುಗಳು ಅಲ್ಲಿನ ಜನರನ್ನು ಊರು ಬಿಡಿಸುತ್ತಿವೆ. ಮೈಕಾ ಟ್ರೂ ಎಂಬ ಅಮೆರಿಕದ ಓಟಗಾರ ಉರಿಕೆಯಲ್ಲಿ ಆರಂಭಿಸಿದ ವಾರ್ಷಿಕ ಓಟದಲ್ಲಿ ಮುಗಿಸಿದವರಿಗೆಲ್ಲ ಜೋಳ ಕೊಡುವ ಪದ್ಧತಿ ಬಂದದ್ದು ಇದೇ ಕಾರಣಕ್ಕೆ. ಪದಕಕ್ಕಿಂತ ಆ ಮೂಟೆ ಹೆಚ್ಚು ದಿನ ಬರುತ್ತದೆ. ಹೊರಗಿನವರು ತಮ್ಮ ಪಾಲಿನ ಜೋಳವನ್ನು ಊರಿನವರಿಗೆ ಬಿಟ್ಟುಕೊಡುತ್ತಾರೆ. ಉಳ್ಳವರು ಇಲ್ಲದವರಿಗೆ ಕೊಡುವ ಈ ರೀತಿಗೆ ರಾರಾಮುರಿಗಳು ‘ಕೊರಿಮಾ’ ಎನ್ನುತ್ತಾರೆ. ಅದು ದಾನವಲ್ಲ, ಕೇಳುವವರ ಹಕ್ಕು, ಕೊಡುವವರ ಕರ್ತವ್ಯ. 2015ರಲ್ಲಿ ಓಟದ ಹಿಂದಿನ ದಿನಗಳಲ್ಲಿ ಕಣಿವೆಯಲ್ಲಿ ಗುಂಡಿನ ಕಾಳಗ ನಡೆದು ಸಂಘಟಕರು ಓಟವನ್ನು ರದ್ದುಪಡಿಸಿದರು. ಹೊರಗಿನ ಓಟಗಾರರು ಊರು ಬಿಟ್ಟು ಹಿಂತಿರುಗಿದರು. ದೂರದ ಹಳ್ಳಿಗಳಿಂದ ನಡೆದು ಬಂದಿದ್ದ ಅನೇಕ ರಾರಾಮುರಿಗಳು ಚಪ್ಪಲಿಯ ಬಾರು ಬಿಗಿದುಕೊಂಡು, ಬಂದ ಮೇಲೆ ಓಡಿಯೇ ಹೋಗುವುದೆಂದು ಓಡಿದರು.